ಹಗ್ಗ ಕಟ್ಟಿದ ಮಾತ್ರಕ್ಕೆ ಟೊಯೋಟಾ ಆಗುವುದಿಲ್ಲ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಅಂದರೆ ಈಗ ಎಲ್ಲರಿಗೂ ಟೆಸ್ಲಾ ಕಾರ್ಖಾನೆಯೇ ನೆನಪಾಗುತ್ತದೆ. ಈ ಕಡೆ ಬಂದು ನೆಲೆಸಿದ ನನಗೆ ಮಾತ್ರ ಅದೇ ಕಟ್ಟಡದ ಹಳೇ ಕಥೆ ಜಾಸ್ತಿ ಹಿಡಿಸಿದೆ. ಟೆಸ್ಲಾ 2010ರಲ್ಲಿ ಕೊಳ್ಳುವ ಮೊದಲು ಅಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ (ಜಿಎಂ) ಜೊತೆಯಾಗಿ ಕಾಲು ಶತಮಾನ ಕಾರು ಮಾಡಿದ್ದವು. ಪೈಪೋಟಿಯಲ್ಲಿ ಒಂದು ಕಂಪನಿಗಿರುವ ಮೇಲುಗೈಯನ್ನು ಇನ್ನೊಂದು ಯಾಕೆ ನಕಲು ಮಾಡಲಾರದು ಅಂತ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಮ್ಮ ಐಟಿ ಕಂಪನಿಗಳ ಪಕ್ಕ ಇಟ್ಟು ನೋಡಿದರಂತೂ ಇನ್ನೂ ಬೇಕಾದಷ್ಟು ಕಾಣುತ್ತದೆ.

ಮೊದಲು ಅದು ಜಿಎಂನದೇ ಕಾರ್ಖಾನೆ. ಹೆಸರು ಪೂರ್ತಿ ಕೆಟ್ಟಿತ್ತು. ಐವರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. 1982ರಲ್ಲಿ ಜಿಎಂ ಬೀಗ ಹಾಕಿತು. 1984ರಲ್ಲಿ ಅದೇ ಕಟ್ಟಡ ನ್ಯೂಮಿ ಎಂಬ ಜಂಟಿ ಕಂಪನಿಯಾಗಿ ಮತ್ತೆ ಶುರುವಾಯಿತು. ಸಣ್ಣ ಕಾರು ಲಾಭಕ್ಕೆ ಮಾಡುವುದು ಹೇಗೆ ಅಂತ ಜಿಎಂಗೆ ಕಲಿಯಬೇಕಿತ್ತು. ಅಮೆರಿಕದ ಕೆಲಸಗಾರರ ಜೊತೆ ಹೇಗೆ ಏಗುವುದು ಅಂತ ಟೊಯೋಟಾಗೆ ಕಲಿಯಬೇಕಿತ್ತು. ಕಾರ್ಖಾನೆ ನಡೆಸುವ ಹೊಣೆ ಟೊಯೋಟಾದ್ದು. ಕೆಲಸಗಾರರಲ್ಲಿ ಬಹುಪಾಲು ಹಳಬರೇ, ಯೂನಿಯನ್ನೂ ಅದೇ, ಅಮೆರಿಕದ ಕಾರು ಕೆಲಸಗಾರರ ಸಂಘ ಯುಎಡಬ್ಲ್ಯೂ. ನೂರಾರು ಮಂದಿಯನ್ನು ತರಬೇತಿಗೆ ಜಪಾನಿನ ಟಕಾವೊಕಾ ಕಾರ್ಖಾನೆಗೆ ಕಳಿಸಿದರು. ಸ್ವಲ್ಪ ಕಾಲದಲ್ಲೇ ಫ್ರೀಮಾಂಟ್‌ನ ಕಾರು ಗುಣಮಟ್ಟದಲ್ಲಿ ಜಪಾನಿನದಕ್ಕೆ ಹತ್ತಿರಹತ್ತಿರ ಬಂತು. ಗೈರುಹಾಜರಿ ಅನ್ನುವ ತಲೆನೋವೇ ಹೆಚ್ಚುಕಡಿಮೆ ಹೋಯಿತು.

ಏನು ಬದಲಾಯಿತು? ಎಲ್ಲರೂ ಮೊದಲು ತೋರಿಸುವುದು ಆಂಡಾನ್ ಹಗ್ಗವನ್ನು. ಲೈನ್ ಉದ್ದಕ್ಕೂ ಕೈಗೆಟುಕುವ ಹಾಗೆ ಒಂದು ಹಗ್ಗ ಇರುತ್ತದೆ. ಬೋಲ್ಟ್ ಸರಿಯಾಗಿ ಕೂರಲಿಲ್ಲ ಅನ್ನಿ, ಕೆಲಸಗಾರ ಹಗ್ಗ ಎಳೆಯುತ್ತಾನೆ. ಬೋರ್ಡಿನಲ್ಲಿ ಅವನ ಜಾಗದ ದೀಪ ಹತ್ತುತ್ತದೆ, ಒಂದು ಟ್ಯೂನ್ ಕೇಳಿಸುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಲೈನ್ ಕೂಡಲೇ ನಿಲ್ಲುವುದಿಲ್ಲ. ಆ ಕಾರು ಅವನ ಜಾಗ ದಾಟುವುದರೊಳಗೆ ಸರಿಹೋದರೆ ಇನ್ನೊಮ್ಮೆ ಎಳೆದು ಮುಂದೆ ಬಿಡುತ್ತಾರೆ. ಹೋಗದಿದ್ದರೆ ಮಾತ್ರ ನಿಲ್ಲುತ್ತದೆ. ಹಳೇ ಜಿಎಂನಲ್ಲಿ ಏನೇ ಆದರೂ ಲೈನ್ ನಿಲ್ಲುವಂತಿರಲಿಲ್ಲ. ಕಾರು ಅರೆಬರೆಯಾಗಿಯೇ ಕೊನೆ ತಲುಪುತ್ತಿತ್ತು, ಆಮೇಲೆ ಹೊರಗಿನ ಯಾರ್ಡಿನಲ್ಲಿ ಬಿಚ್ಚಿ ರಿಪೇರಿ ಮಾಡುತ್ತಿದ್ದರು.

ಇದರಲ್ಲಿ ಗುಟ್ಟು ಏನಿದೆ? ಏನೂ ಇಲ್ಲ. ಟೊಯೋಟಾ ಯಾವುದನ್ನೂ ಬಚ್ಚಿಡಲಿಲ್ಲ, ಪಾಲುದಾರ ಜಿಎಂಗೆ ಬಾಗಿಲು ತೆರೆದೇ ಇತ್ತು. ಅವರ ಮ್ಯಾನೇಜರ್‌ಗಳು ಬಂದರು, ನೋಡಿದರು, ವಾಪಸ್ ಹೋಗಿ ತಮ್ಮ ಕಾರ್ಖಾನೆಗಳಲ್ಲೂ ಹಗ್ಗ ಕಟ್ಟಿಸಿದರು. ಆದರೆ ಅಲ್ಲಿ ಮ್ಯಾನೇಜರ್‌ನ ಹೆಗ್ಗಳಿಕೆ ನಿಂತಿದ್ದು ದಿನಕ್ಕೆ ಎಷ್ಟು ಕಾರು ಹೊರಬಿತ್ತು ಅನ್ನುವ ಎಣಿಕೆಯ ಮೇಲೆ. ಅಂಥವನ ಕಣ್ಣೆದುರು ಹಗ್ಗ ಎಳೆಯುವ ಧೈರ್ಯ ಯಾರಿಗಿರುತ್ತದೆ? ಹಗ್ಗ ಕೊಳ್ಳುವುದು ಸುಲಭ. ಎಳೆದಾಗ ಬಯ್ಯದೆ ಓಡಿ ಬರುವವನನ್ನು ತಯಾರು ಮಾಡಬೇಕಾದರೆ ಬೋನಸ್, ಬಡ್ತಿ, ಮೇಲಿನವರ ಗತ್ತು ಎಲ್ಲವನ್ನೂ ಮುಟ್ಟಬೇಕು. ಅದಕ್ಕೆ ಕೈ ಹಾಕುವವರು ಕಮ್ಮಿ.

ಇನ್ನೊಂದು ಇದೆ, ನನಗೆ ಅದೇ ಮುಖ್ಯ. 1988ರ ಸುಮಾರಿಗೆ ಇಲ್ಲಿ ಮಾಡುತ್ತಿದ್ದ ಷೆವ್ರೊಲೆ ನೋವಾ ಕಾರು ಸರಿಯಾಗಿ ಮಾರಾಟ ಆಗಲಿಲ್ಲ. ಕೆಲಸ ಬಹಳ ಕಮ್ಮಿಯಾಯಿತು. ಆದರೂ ಯಾರನ್ನೂ ಮನೆಗೆ ಕಳಿಸಲಿಲ್ಲ, ತರಬೇತಿಗೆ ಹಾಕಿದರು, ಇತರ ಸುಧಾರಣೆಗಳಿಗೆ ಹಚ್ಚಿದರು. ಲೆಕ್ಕಪತ್ರದಲ್ಲಿ ಇದು ಬರೀ ಖರ್ಚು. ಆದರೆ ಮೂರು ಜನರ ಕೆಲಸ ಇಬ್ಬರಲ್ಲಿ ಆಗುತ್ತದೆ ಅಂತ ಗೊತ್ತಿರುವ ಕೆಲಸಗಾರ, ಅದನ್ನು ಹೇಳಿದರೆ ಮೂರನೆಯವನ ಅನ್ನಕ್ಕೆ ಕಲ್ಲು ಬೀಳುತ್ತದೆ ಅಂತಾದರೆ ಬಾಯಿ ಬಿಡುತ್ತಾನಾ? ಸುಮ್ಮನೆ ಕೆಲಸದಿಂದ ತೆಗೆಯುವುದಿಲ್ಲ ಅಂತ ಹೇಳಿದ ಮಾತು ಉಳಿಸಿಕೊಂಡಿದ್ದರಿಂದಲೇ ಹಗ್ಗಕ್ಕೂ ಬೆಲೆ ಬಂತು.

ಸಪ್ಲೈಯರ್‌ಗಳ ವಿಚಾರದಲ್ಲೂ ಎರಡು ದಾರಿ. ಜಿಎಂನಲ್ಲಿ 1992ರಲ್ಲಿ ಖರೀದಿ ಮುಖ್ಯಸ್ಥರಾದ ಹೋಸೆ ಇಗ್ನಾಸಿಯೊ ಲೋಪೆಸ್ ಇದ್ದ ಒಪ್ಪಂದಗಳನ್ನೇ ಮುರಿದು, ದರ ಇಳಿಸಿ ಅಂತ ಎಲ್ಲರ ಕತ್ತು ಹಿಡಿದರು. ದುಡ್ಡು ಉಳಿಯಿತು, ನಿಜ. ಮರುವರ್ಷ ಅವರು ಫೋಕ್ಸ್‌ವ್ಯಾಗನ್ ಸೇರಿದರು. ಸಪ್ಲೈಯರ್‌ಗಳ ಮನಸ್ಸಿನ ಕಹಿ ಮಾತ್ರ ಜಿಎಂ ಬಳಿಯೇ ಉಳಿಯಿತು. ಇತ್ತ 1997ರ ಫೆಬ್ರುವರಿ 1ರಂದು ಟೊಯೋಟಾಗೆ ಬ್ರೇಕ್ ವಾಲ್ವ್ ಕೊಡುತ್ತಿದ್ದ ಐಸಿನ್ ಕಂಪನಿಯ ಕಾರಿಯಾ ಕಾರ್ಖಾನೆಗೆ ಬೆಂಕಿ ಬಿತ್ತು. ದಾಸ್ತಾನು ಕೆಲವೇ ಗಂಟೆಗಳದ್ದು. ಟೊಯೋಟಾದ ಕಾರ್ಖಾನೆಗಳು ನಿಂತವು. ಆಗ ಬೇರೆ ಬೇರೆ ಕಂಪನಿಗಳು, ಹೊಲಿಗೆ ಮೆಷಿನ್‌ಗೆ ಹೆಸರಾದ ಬ್ರದರ್ ಕೂಡ, ವಾಲ್ವ್ ಮಾಡಿಕೊಡಲು ಮುಂದೆ ಬಂದವು. ಮೊದಲು ದುಡ್ಡಿನ ಮಾತು ಮುಗಿಸಿ ಅಂತ ಕೂತವರಿಲ್ಲ. ಸುಮಾರು ಒಂದು ವಾರದಲ್ಲಿ ಲೈನ್‌ಗಳು ಮತ್ತೆ ಓಡಿದವು.

ಈಗ ನಮ್ಮ ಐಟಿಗೆ ಬನ್ನಿ. ಕಡಿಮೆ ಸಂಬಳ, ಒಳ್ಳೇ ಇಂಗ್ಲಿಷ್, ಗೋಡೆ ಮೇಲೊಂದು ಸಿಎಂಎಂ ಲೆವೆಲ್ 5 ಸರ್ಟಿಫಿಕೇಟ್, ಅಂದರೆ ಸಾಫ್ಟ್‌ವೇರ್ ಮಾಡುವ ಶಿಸ್ತಿಗೆ ಸಿಗುವ ಅತಿ ಮೇಲಿನ ದರ್ಜೆ. ಬಹಳ ದಿನ ಇದನ್ನೇ ನಮ್ಮ ಮೇಲುಗೈ ಅಂದುಕೊಂಡೆವು. ಐಬಿಎಂ, ಅಕ್ಸೆಂಚರ್ ಅದೇ ಬೆಂಗಳೂರಿಗೆ ಬಂದು ಅದೇ ಕಾಲೇಜಿನ ಹುಡುಗರನ್ನು ತೆಗೆದುಕೊಂಡವು. ಆಮೇಲೆ ಗ್ರಾಹಕ ಕಂಪನಿಗಳೇ ಅಲ್ಲಿ ಸ್ವಂತ ಕೇಂದ್ರ ತೆರೆದವು. ದುಡ್ಡು ಕೊಟ್ಟರೆ ಯಾರಿಗೂ ಸಿಗುವುದು ಒಬ್ಬರ ಸೊತ್ತಾಗಿ ಉಳಿಯುತ್ತದಾ?

ನಮ್ಮವರ ಹತ್ತಿರ ನಕಲು ಮಾಡಲಾಗದ ಸರಕು ಇದೆ, ಅದು ಬೇರೆ. ಯಾವುದೋ ಬ್ಯಾಂಕಿನ ಇಪ್ಪತ್ತು ವರ್ಷದ ಹಳೇ ಕೋಡ್ ಎಲ್ಲಿ ಮುಟ್ಟಿದರೆ ಎಲ್ಲಿ ಒಡೆಯುತ್ತದೆ ಅಂತ ತಲೆಯಲ್ಲೇ ಇಟ್ಟುಕೊಂಡಿರುವ ಎಂಜಿನಿಯರ್ ಇರುತ್ತಾನಲ್ಲ, ಅವನು. ಆ ಬ್ಯಾಂಕಿಗೆ ಅವನನ್ನು ಬಿಟ್ಟು ಗತಿಯಿಲ್ಲ. ಆದರೆ ನಮ್ಮಲ್ಲಿ ಪ್ರಾಜೆಕ್ಟ್ ಮುಗಿದ ಕೂಡಲೇ ಅವನು ಬೆಂಚ್‌ಗೆ ಹೋಗುತ್ತಾನೆ, ಅಂದರೆ ಮುಂದಿನ ಪ್ರಾಜೆಕ್ಟ್ ಸಿಗುವ ತನಕ ಖಾಲಿ ಕೂರುತ್ತಾನೆ. ಬಿಲ್ಲಿಂಗ್ ಇಲ್ಲದವನು ಹೊರೆ ಅನ್ನುವ ಲೆಕ್ಕ ಶುರುವಾಗುತ್ತದೆ. ಅವನು ಹೋದರೆ ಹೊಸಬ ಅಗ್ಗಕ್ಕೆ ಸಿಗುತ್ತಾನೆ ಅಂತ ಮೇಲಿನವರಿಗೆ ಸಮಾಧಾನ. ಕೈಯಲ್ಲಿರುವ ಗಟ್ಟಿ ಕಾಳನ್ನು ತೂರಿ ಹೊಟ್ಟು ಉಳಿಸಿಕೊಳ್ಳುವ ಜಾಣತನ ಇದು. ಕಂಪನಿಗಳು ಈಗ ಎಐ ನಮ್ಮ ಮೇಲುಗೈ ಅನ್ನುತ್ತಿವೆ. ಎಲ್ಲರೂ ಅದೇ ನಾಲ್ಕೈದು ಕಂಪನಿಗಳಿಂದ ಬಾಡಿಗೆಗೆ ತರುವ ಎಐ ಅದು, ಅಲ್ವಾ?

ಹಾಗಂತ ಟೊಯೋಟಾಗೆ ಸುಮ್ನೆ ಆರತಿ ಎತ್ತುವ ಆಸೆ ನನಗಿಲ್ಲ. 2009-10ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಅದು ವಾಪಸ್ ಕರೆಸಬೇಕಾಯಿತು. ನಾವು ಬೆಳೆದ ವೇಗ ಅತಿಯಾಯಿತೇನೋ ಅಂತ ಆಗಿನ ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಮುಂದೆ ಒಪ್ಪಿಕೊಂಡರು. ಅದೇ ಹೊತ್ತಿಗೆ, ದಿವಾಳಿಯಾದ ಜಿಎಂ ನ್ಯೂಮಿಯಿಂದ ಕೈ ತೊಳೆದುಕೊಂಡಿತ್ತು. ಟೊಯೋಟಾ ಒಬ್ಬಂಟಿಯಾಗಿ ನಡೆಸಲು ಒಪ್ಪಲಿಲ್ಲ. 2010ರ ಏಪ್ರಿಲ್ 1ರಂದು ನ್ಯೂಮಿ ಮುಚ್ಚಿತು, ಸಾವಿರಾರು ಜನರ ಕೆಲಸ ಹೋಯಿತು. ಎರಡು ವರ್ಷದ ಹಿಂದಷ್ಟೇ ಟ್ರಕ್ ಮಾರಾಟ ಬಿದ್ದಾಗ ಟೆಕ್ಸಾಸ್‌ನ ತನ್ನ ಸ್ವಂತ ಕಾರ್ಖಾನೆಯಲ್ಲಿ ಮೂರು ತಿಂಗಳು ಉತ್ಪಾದನೆ ನಿಲ್ಲಿಸಿ, ಕೆಲಸಗಾರರಿಗೆ ಸಂಬಳ ಕೊಟ್ಟು ಉಳಿಸಿಕೊಂಡಿದ್ದ ಕಂಪನಿ ಇದು. ಆ ಭರವಸೆ ಫ್ರೀಮಾಂಟ್‌ನವರಿಗೂ ಇದೆ ಅಂತ ಅವರು ನಂಬಿದ್ದರು. ಹಾಗೆ ನಂಬಿದ್ದು ಅವರ ತಪ್ಪು ಅಂತ ನನಗೆ ಅನಿಸುವುದಿಲ್ಲ.