ಕೌಪೀನ ಸಂರಕ್ಷಣಾ ಇಲಾಖೆ

ಕೌಪೀನ ಕಡಿಯುವ ಇಲಿಗೆಂದು ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸುವಿನ ಚಾಕರಿಗೆ ಹೆಂಡತಿ. ಕತೆಯ ಸನ್ಯಾಸಿ ಅಷ್ಟಕ್ಕೇ ಸುಸ್ತಾಗಿ ಸಂಸಾರಸ್ಥನಾದ. ದ್ವೀಪಗಳನ್ನು ಉದ್ಧಾರ ಮಾಡಲು ಹೊರಟವರು ಸುಸ್ತಾಗುವ ಜಾತಿಯವರಲ್ಲ. ಒಂದೂವರೆ ಶತಮಾನದಿಂದ ಒಂದು ಪ್ರಾಣಿಗೆ ಇನ್ನೊಂದನ್ನು ತರಿಸುತ್ತಲೇ ಇದ್ದಾರೆ.

ಹವಾಯಿಯ ಕಬ್ಬಿನ ಗದ್ದೆಗಳಲ್ಲಿ ಇಲಿ ಹೆಚ್ಚಿದವು. ಅವು ಬಂದದ್ದೂ ಮನುಷ್ಯರ ದೋಣಿ, ಹಡಗುಗಳಲ್ಲೇ, ಟಿಕೆಟ್ ಇಲ್ಲದೆ. 1883ರಲ್ಲಿ ತೋಟದ ಮಾಲೀಕರು ಜಮೈಕಾದಿಂದ ಮುಂಗುಸಿ ತರಿಸಿದರು. ಎಲ್ಲ ಲೆಕ್ಕ ಹಾಕಿದವರು ಪಾಳಿಯೊಂದನ್ನು ವಿಚಾರಿಸಲಿಲ್ಲ: ಮುಂಗುಸಿಯದು ಹಗಲು ಪಾಳಿ, ಇಲಿಯದು ಹೆಚ್ಚಾಗಿ ರಾತ್ರಿ ಪಾಳಿ. ಹಗಲಲ್ಲಿ ಸಲೀಸಾಗಿ ಸಿಕ್ಕಿದ್ದು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ. ಕಚ್ಚುವ ನಾಲ್ಕು ಕಾಲಿನ ಪ್ರಾಣಿಯನ್ನೇ ಕಾಣದೆ ತಲೆತಲಾಂತರ ಬದುಕಿದ ಹಕ್ಕಿಗೆ ಹೆದರಿಕೆ ಎಲ್ಲಿಂದ ಬರಬೇಕು? ಹವಾಯಿಯದೇ ಆದ ಕೌಆಯಿ ದ್ವೀಪದಲ್ಲಿ ಮುಂಗುಸಿ ನೆಲೆಯೂರಲಿಲ್ಲ. ಬಂದರಿನ ಕೂಲಿಯೊಬ್ಬ ಬೆರಳು ಕಚ್ಚಿಸಿಕೊಂಡು, ಸಿಟ್ಟಿಗೆ ಪಂಜರವನ್ನೇ ಸಮುದ್ರಕ್ಕೆ ಎಸೆದನೆಂದು ಅಲ್ಲಿಯ ಕತೆ. ನಿಜವಾಗಿದ್ದರೆ ಆ ಕಾಲದ ಶ್ರೇಷ್ಠ ಪರಿಸರ ತಜ್ಞ ಅವನೇ.

ಪೆಸಿಫಿಕ್ ಸಾಗರದ ತಾಹಿತಿ ದ್ವೀಪಕ್ಕೆ 1967ರಲ್ಲಿ ಆಫ್ರಿಕಾದ ದೈತ್ಯ ಬಸವನಹುಳು ಬಂತು, ಜನ ತಿನ್ನಲೆಂದು. ಅದು ಜನರ ತೋಟ ತಿಂದಿತು. ಪರಿಹಾರವಾಗಿ 1974ರಲ್ಲಿ ಬಸವನಹುಳುವನ್ನೇ ತಿನ್ನುವ ಇನ್ನೊಂದು ಬಸವನಹುಳು, ಫ್ಲೋರಿಡಾ ಕಡೆಯದು. 1977ರಲ್ಲಿ ಪಕ್ಕದ ಮೂರಿಯಾಕ್ಕೂ ಅದೇ ಔಷಧ. ಇದು ಲೋಳೆಯ ಜಾಡು ಹಿಡಿದು ಬೇಟೆಯಾಡುತ್ತದೆ. ಯಾರನ್ನು ತಿನ್ನಬೇಕೆಂಬ ಸರ್ಕಾರಿ ಆದೇಶ ಲೋಳೆಯ ಮೇಲೆ ಬರೆದಿರುವುದಿಲ್ಲ. ಅಂಗೈಯಗಲದ ದೈತ್ಯನ ಜೊತೆ ಗುದ್ದಾಡುವುದಕ್ಕಿಂತ, ಒಂದೆರಡು ಸೆಂಟಿಮೀಟರಿನ ಸ್ಥಳೀಯ ಬಸವನಹುಳು ಪಾರ್ಟುಲಾವೇ ವಾಸಿ ಅನ್ನಿಸಿತು. ಹತ್ತೇ ವರ್ಷದಲ್ಲಿ ಮೂರಿಯಾದ ಕಾಡಿನಲ್ಲಿ ಪಾರ್ಟುಲಾ ಬಹುತೇಕ ಖಾಲಿ. ಅದರ ಚಿಪ್ಪಿನಿಂದ ಹಾರ ಪೋಣಿಸುತ್ತಿದ್ದ ಹೆಂಗಸರ ಕಸುಬೂ ಅದರೊಂದಿಗೆ ಹೋಯಿತು. ಅಳಿದುಳಿದ ಪ್ರಭೇದಗಳು ಲಂಡನ್ನಿನಂಥ ಊರುಗಳ ಮೃಗಾಲಯಗಳಲ್ಲಿ ಡಬ್ಬಿಯೊಳಗೆ ಸಂಸಾರ ಮಾಡಿ, 2015ರಿಂದ ವಿಮಾನ ಹತ್ತಿ ತವರಿಗೆ ಬರುತ್ತಿವೆ. ದೈತ್ಯನನ್ನು ತೊಲಗಿಸುವ ಕೆಲಸ ಇನ್ನೂ ಬಾಕಿ.

ಪೆಸಿಫಿಕ್‌ನಲ್ಲೇ ಇರುವ ಅಮೆರಿಕದ ದ್ವೀಪ ಗುವಾಮ್‌ಗೆ ಹಾವನ್ನು ಯಾರೂ ಕರೆಸಲಿಲ್ಲ. ಎರಡನೇ ಮಹಾಯುದ್ಧದ ಬಳಿಕ ಸೇನೆಯ ಸರಕಿನಲ್ಲಿ ಕಂದು ಮರಹಾವು ತಾನೇ ಬಂದಿಳಿಯಿತು. 12 ಸ್ಥಳೀಯ ಕಾಡುಹಕ್ಕಿಗಳಲ್ಲಿ 10 ಕಾಡಿನಿಂದ ಮಾಯವಾದವು. ಹಕ್ಕಿ ಹೋದಲ್ಲಿ ಜೇಡಗಳ ದರಬಾರು. ಹಾವು ಕರೆಂಟು ಕಂಬ ಹತ್ತಿದಾಗೆಲ್ಲ ಜನರಿಗೆ ಕತ್ತಲೆ. ಪರಿಹಾರದ ವಿಧಾನ ಹೀಗಿದೆ: ಸತ್ತ ಇಲಿಮರಿಯಲ್ಲಿ 80 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇಟ್ಟು, ರಟ್ಟಿನ ತುಂಡಿಗೆ ಅಂಟಿಸಿ, ಉದ್ದನೆಯ ಕಾಗದದ ಪಟ್ಟಿ ಜೋಡಿಸಿ, ಹೆಲಿಕಾಪ್ಟರಿನಿಂದ ಕಾಡಿಗೆ ಎಸೆಯುವುದು. ಪಟ್ಟಿ ಕೊಂಬೆಗೆ ಸಿಕ್ಕಿ ತೂಗಬೇಕು. ನೆಲಕ್ಕೆ ಬಿದ್ದರೆ ಏಡಿಯ ಪಾಲು. ನುಂಗಿದ ಹಾವಿನ ರಕ್ತ ಆಮ್ಲಜನಕ ಹೊರಲಾರದೆ ಸೋಲುತ್ತದೆ. ಇಲಿ ಹಿಡಿಯಲು ಶುರುವಾದ ಇಲಾಖೆ ಇಲಿಗಳನ್ನೇ ಪ್ಯಾರಾಚೂಟಿನಲ್ಲಿ ಇಳಿಸುವಷ್ಟು ಬೆಳೆದಿದೆ. ಇದು ಕೆಲಸ ಮಾಡುತ್ತದೆ ಅನ್ನುವುದೇ ಎಲ್ಲಕ್ಕಿಂತ ಅವಮಾನದ ಸಂಗತಿ.

ಹಾವು ಅಲ್ಲಿಂದ ಹವಾಯಿಗೆ ಪ್ರವಾಸ ಹೊರಡದಂತೆ ಗುವಾಮ್‌ನ ಬಂದರು, ವಿಮಾನ ನಿಲ್ದಾಣಗಳಲ್ಲಿ ಸರಕು ಮೂಸಲು ನಾಯಿಗಳನ್ನೂ ಇಟ್ಟಿದ್ದಾರೆ. ಈ ಸಲದ ಪ್ರಾಣಿಗೆ ಹಗ್ಗ ಕಟ್ಟಿದ್ದಾರೆ.