ಎಡಬಾಗಿಲಿನ ನೆಗಡಿ

ನಮ್ಮ ಕಾರಿಗೆ ನೆಗಡಿ ಹಿಡಿದದ್ದು ಮೈಸೂರು-ಮಂಡ್ಯ ದಾರಿಯ ಗಣಂಗೂರಿನ ಹತ್ತಿರ. ಅಲ್ಲಿ ಟೋಲ್ ಇದೆ. ಟೋಲ್ ಕಂಡಲ್ಲೆಲ್ಲ ನಾನು ಸರ್ವಿಸ್ ರಸ್ತೆಗೆ ಇಳಿಯುತ್ತೇನೆ. ಸಹಕಾರ ಸಂಘವೊಂದರಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನು ನಾನು. ಹೆಂಡತಿ ಇದನ್ನು ಜಿಪುಣತನ ಅನ್ನುತ್ತಾಳೆ, ನಾನು ವೃತ್ತಿಧರ್ಮ ಅನ್ನುತ್ತೇನೆ. ಸರ್ವಿಸ್ ರಸ್ತೆಯಲ್ಲಿ ಟೋಲ್ ಇಲ್ಲ, ಅದರ ಬದಲು ಹಂಪ್‌ಗಳಿವೆ.

ಮೊದಲನೇ ಹಂಪ್‌ಗೆ ರೇಡಿಯೋ ವಾರ್ತೆಯವರ ದನಿ ಗೊರಗೊರ ಎಂದಿತು. ಎರಡನೇದಕ್ಕೆ ದನಿಯೇ ಮಾಯ. ಮೂರನೇದಕ್ಕೆ ಮತ್ತೆ ಬಂತು, ಅಷ್ಟರಲ್ಲಿ ಯಾವುದೋ ಮಂತ್ರಿಗಳು ಕೊಟ್ಟ ಭರವಸೆ ರಸ್ತೆಯಲ್ಲೇ ಬಿದ್ದುಹೋಗಿತ್ತು. ಕೆಟ್ಟಿದ್ದು ಮುಂದಿನ ಎಡಬಾಗಿಲಿನ ಸ್ಪೀಕರ್ ಮಾತ್ರ. ಬಲಗಡೆಯದು ಚೆನ್ನಾಗೇ ಮಾತಾಡುತ್ತಿತ್ತು. ಆದರೆ ಎಡಗಡೆ ಕೂತಿದ್ದವರು ನಮ್ಮ ಮಾವನವರು, ಮಂಡ್ಯದವರು, ಅವರ ಬಲಗಿವಿ ಸ್ವಲ್ಪ ಮಂದ.

"ಅಳಿಯಂದ್ರೇ, ಈವಯ್ಯಂಗೆ ನೆಗಡಿ ಹಿಡ್ಕಂಡದಾ?" ಅಂದರು.

ನನಗೆ ನಾಚಿಕೆಯಾಯಿತು. ಯಾಕೆ ಅಂದರೆ ಕಾರಿನಲ್ಲಿ ನಾನು ಹಾಕುವುದು ಆಕಾಶವಾಣಿ ಮೈಸೂರು, 100.6. ಎಂ.ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಪ್ರೊಫೆಸರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಶುರು ಮಾಡಿದ ಊರು ನಮ್ಮದು. ಆಕಾಶವಾಣಿ ಅನ್ನುವ ಹೆಸರು ಇಡೀ ದೇಶಕ್ಕೆ ಹೋದದ್ದು ಇಲ್ಲಿಂದಲೇ. ಅಂಥಾ ಊರಿನವನ ಕಾರಿನಲ್ಲಿ ಆಕಾಶವಾಣಿ ಗೊರಗುಟ್ಟಿದರೆ, ಅದೂ ಮಂಡ್ಯದ ಮಾವನವರ ಎದುರಿಗೆ, ಊರಿನ ಮರ್ಯಾದೆ ಪ್ರಶ್ನೆ ಅಲ್ವಾ?

ವಾಪಸ್ ಬಂದವನೇ ಒಂದು ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಬಾಗಿಲು ತೆರೆದು, ಒಳಗೆ ಬಗ್ಗಿ, ರೇಡಿಯೋ ಹಾಕಿದ. ದನಿ ಗಂಟೆ ಹೊಡೆದ ಹಾಗೆ ಬಂತು. ಡಾಕ್ಟರ ಮುಂದೆ ಕೂತ ಕೂಡಲೇ ಜ್ವರ ಇಳಿಯುವ ರೋಗಿಗಳಿರುತ್ತಾರಲ್ಲ, ಹಾಗೆ. ಆದರೂ ಹುಡುಗನಿಗೆ ರೋಗ ಗೊತ್ತಾಯಿತು. "ನಾಲ್ಕೂ ಹೋಗಿವೆ ಸಾರ್" ಅಂದ. ನಾಲ್ಕು ಸ್ಪೀಕರ್, ಒಂದು ಆಂಪ್ಲಿಫೈಯರ್, ಡಿಕ್ಕಿಯಲ್ಲಿ ಒಂದು ಬೇಸ್ ಟ್ಯೂಬ್, ಒಟ್ಟು ನಾನೂರು ವ್ಯಾಟ್. ಗೋಪಾಲಸ್ವಾಮಿಯವರು 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಒಂದು ನಿಲಯವನ್ನೇ ಶುರು ಮಾಡಿದರು. ನಮ್ಮ ಮಾವನವರ ಒಂದು ಎಡಗಿವಿಗೆ ನಾನೂರು ಬೇಕೇ? "ಮನೇಲಿ ಕೇಳಿ ಹೇಳ್ತೀನಪ್ಪ" ಎಂದು ಹೊರಟೆ. ಗಂಡಸರನ್ನು ಎಷ್ಟೋ ಅಂಗಡಿಗಳಿಂದ ಮಾನವಾಗಿ ಹೊರಗೆ ತಂದ ಮಾತು ಇದು.

ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಎಲ್ಲರೂ ಅವರನ್ನು ರೇಡಿಯೋ ಮೇಷ್ಟ್ರು ಅನ್ನುತ್ತಾರೆ. ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವರನ್ನು ಕರೆತಂದೆ. ಅವತ್ತೇ ಮಂಡ್ಯದಲ್ಲಿ ಹೆಂಡತಿಯ ಚಿಕ್ಕಪ್ಪನ ಮಗಳ ಸೀಮಂತ. ಹತ್ತು ಗಂಟೆಗೆ ಹೊರಟರೆ ಸಾಕಿತ್ತು. ಒಂದು ಗಂಟೆ ಕೆಲಸ ಅಂತ ಹೆಂಡತಿಗೆ ಹೇಳಿದೆ.

ಮೇಷ್ಟ್ರು ಪೋರ್ಟಿಕೋದ ಕಟ್ಟೆ ಮೇಲೆ ಕೂತರು. ಕೆಲಸವೆಲ್ಲ ನನ್ನದು. ಸೀಟಿನಲ್ಲಿ ಕೂತು ಬ್ಯಾಲೆನ್ಸ್ ಪೂರ್ತಿ ಎಡಕ್ಕೆ, ಫೇಡರ್ ಪೂರ್ತಿ ಮುಂದಕ್ಕೆ ತಿರುಗಿಸಿದರೆ ಮುಂದಿನ ಎಡ ಸ್ಪೀಕರ್ ಒಂದೇ ಕೇಳುತ್ತದೆ. ಹೀಗೆ ನಾಲ್ಕೂ ಮೂಲೆಗೆ ಹೋಗಿ ಬಂದೆ. ಮೂರು ಮೂಲೆ ಸರಿಯಾಗಿತ್ತು. ಹೊಸ ಸ್ಪೀಕರ್ ನಾಲ್ಕು ಕೊಂಡಿದ್ದರೆ ಮೂರು ದಂಡ.

ಆಮೇಲೆ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಲಗೆ ಬಿಚ್ಚಿದೆ. ಏಳು ಸ್ಕ್ರೂ. ಏಳನ್ನೂ ಎಣಿಸಿ ಕಾಫಿ ಲೋಟದ ತಟ್ಟೆಯಲ್ಲಿಟ್ಟೆ. ಸ್ಕ್ರೂ ಬಿಚ್ಚಿದರೂ ಹಲಗೆ ಬರಲಿಲ್ಲ, ಒಳಗೆ ಕ್ಲಿಪ್‌ಗಳಿರುತ್ತವೆ, ಎಳೆಯಬೇಕು. ಎಳೆದೆ. ಟಕ್. ಟಕ್. ಮೂರನೇ ಟಕ್ಕಿಗೆ ಮೇಷ್ಟ್ರು, "ಅದು ಬಿಡಿಸಿಕೊಂಡ ಶಬ್ದ ಅಲ್ಲ, ಮುರಿದ ಶಬ್ದ" ಅಂದರು.

ಸ್ಪೀಕರ್ ಕೈಗೆ ಬಂತು. "ಒಂದು ಸೆಲ್ ತನ್ನಿ, ಒಂದೂವರೆ ವೋಲ್ಟಿಂದು." ಟಿವಿ ರಿಮೋಟಿನದು ತೆಗೆದರೆ ಮನೆಯಲ್ಲಿ ಗಲಾಟೆ ಆಗುತ್ತದೆ. ಹಾಲಿನ ಗೋಡೆ ಗಡಿಯಾರದ ಸೆಲ್ ತೆಗೆದೆ. ಸ್ಪೀಕರಿನ ಎರಡು ತುದಿಗೆ ಎರಡು ತಂತಿ ಹಿಡಿದು ಸೆಲ್ಲಿಗೆ ಮುಟ್ಟಿಸಿ ತೆಗೆದೆ. ಟಪ್ ಎಂದಿತು. ಕಪ್ಪು ಕಾಗದದ ಕೋನ್ ಉಸಿರು ತೆಗೆದುಕೊಂಡ ಹಾಗೆ ಒಂದು ಸಲ ಮುಂದೆ ಬಂದು ಹಿಂದೆ ಹೋಯಿತು. ನನಗೆ ಅದು ಎಷ್ಟು ಇಷ್ಟವಾಯಿತು ಅಂದರೆ ಸುಮ್ನೆ ಹತ್ತು ಸಲ ಮಾಡಿದೆ. "ಸಾಕು, ಜೀವ ಇದೆ. ಈಗ ನಾಲ್ಕು ಬೆರಳಲ್ಲಿ ಕೋನ್ ಮೆತ್ತಗೆ ಒತ್ತಿ. ಕರಕರ ಅಂದ್ರೆ ಒಳಗಿನ ಕಾಯಿಲ್ ಉಜ್ಜುತ್ತಿದೆ ಅಂತ." ಅನ್ನಲಿಲ್ಲ. ಎಲ್ಲೂ ಹರಿದಿರಲೂ ಇಲ್ಲ.

ಕೊನೆಗೆ ತಂತಿ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅಂತ ಓಮ್ ಲೆಕ್ಕದಲ್ಲಿ ಅಳೆಯುವ ಮೀಟರ್ ಇಟ್ಟೆವು. ಸ್ಪೀಕರಿನ ಬೆನ್ನ ಮೇಲೆ 4 ಓಮ್ ಅಂತ ಅಚ್ಚಾಗಿತ್ತು. ಮೀಟರ್ ತೋರಿಸಿದ್ದು 3.6.

"ಸಿಕ್ಕಿಬಿದ್ದ!" ಅಂದೆ. ಪುಸ್ತಕದಲ್ಲಿ ನಾಲ್ಕು, ಕೈಯಲ್ಲಿ ಮೂರೂ ಚಿಲ್ಲರೆ. ಇಂಥಾ ಕಡೆ ನಾವು ಕೆಂಪು ಶಾಯಿಯಲ್ಲಿ ಬರೆದವರು.

ಮೇಷ್ಟ್ರು ನಕ್ಕರು. "ಅದು ಅಷ್ಟೇ ಇರಬೇಕು ಸ್ವಾಮಿ. ನಾಲ್ಕು ಅನ್ನೋದು ಹಾಡು ಹರಿಯುವಾಗಿನ ಲೆಕ್ಕ. ಮೀಟರ್ ಅಳೆಯೋದು ಸುಮ್ಮನಿರುವ ತಂತಿಯದ್ದು. ಯಾವಾಗಲೂ ಸ್ವಲ್ಪ ಕಮ್ಮೀನೇ. ತಂತಿ ತುಂಡಾಗಿದ್ದರೆ ಮೀಟರ್ ಏನೂ ತೋರಿಸ್ತಿರಲಿಲ್ಲ."

0.4 ಓಮ್ ಬಗ್ಗೆ ನನಗೆ ಈಗಲೂ ಪೂರ್ತಿ ಸಮಾಧಾನವಿಲ್ಲ.

"ಹಾಗಾದರೆ ವರ್ಗ ಮಾಡಿ" ಅಂದರು. ಎಡಗಡೆಯವನನ್ನು ಬಲಬಾಗಿಲಿಗೆ ಹಾಕುವುದು, ಬಲಗಡೆಯವನನ್ನು ಎಡಕ್ಕೆ. ಹೋದ ಕಡೆಯೂ ತಕರಾರು ಮಾಡಿದರೆ ನೌಕರ ಸರಿಯಿಲ್ಲ. ಬಂದವನೂ ತಕರಾರು ಶುರು ಮಾಡಿದರೆ ಕುರ್ಚಿ ಸರಿಯಿಲ್ಲ. ನನ್ನ ಕಚೇರಿಯಲ್ಲಿ ಯಾರಿಗೂ ಹೊಳೆಯದ ವಿಧಾನ. ಆದರೆ ಅದಕ್ಕೆ ಬಲಬಾಗಿಲನ್ನೂ ಬಿಚ್ಚಬೇಕು, ಇನ್ನೂ ಮೂರು ಟಕ್ ಕೇಳಬೇಕು. ನಾನು ಹಿಂದೆ ಮುಂದೆ ನೋಡುತ್ತಾ, ಎಡ ಸ್ಪೀಕರನ್ನೇ ಮತ್ತೆ ಸಿಕ್ಕಿಸಿ ರೇಡಿಯೋ ಹಾಕಿದೆ. ಮತ್ತೆ ಗಂಟೆ ಹೊಡೆದ ಹಾಗೆ ದನಿ. ರೋಗಿಗೆ ಜ್ವರವೇ ಇಲ್ಲ.

ಅಷ್ಟರಲ್ಲಿ ಹೆಂಡತಿ ಎರಡನೇ ಸುತ್ತಿನ ಕಾಫಿ ತಂದಳು. ಕಾರಿನ ತೆರೆದ ಬಾಗಿಲು ದಾರಿಗೆ ಅಡ್ಡ. ಎರಡು ಕೈಯಲ್ಲೂ ಲೋಟ. ಸೊಂಟದಿಂದ ಬಾಗಿಲನ್ನು ತಳ್ಳಿದಳು. ಬಾಗಿಲು ಮುಚ್ಚಿತು, ರೇಡಿಯೋ ಗೊರ್ ಎಂದು ನಿಂತಿತು. ನಾನು ಬಾಗಿಲು ತೆರೆದೆ, ಹಾಡು ಬಂತು. ಅವಳು ಮತ್ತೆ ತಳ್ಳಿದಳು, ಹೋಯಿತು.

"ರೀ, ಇದೇನು ಫ್ರಿಡ್ಜ್ ಲೈಟ್ ಥರ!"

ಮೇಷ್ಟ್ರು ಕಟ್ಟೆ ಇಳಿದು ಬಂದರು. ಬಾಗಿಲಿಗೂ ಕಾರಿನ ಮೈಗೂ ನಡುವೆ ಕೀಲಿನ ಹತ್ತಿರ ಒಂದು ರಬ್ಬರ್ ಕೊಳವೆ ಇರುತ್ತದೆ, ಮಡಿಕೆ ಮಡಿಕೆಯಾಗಿ, ಆನೆ ಸೊಂಡಿಲ ಹಾಗೆ. ಬಾಗಿಲಿನ ತಂತಿಗಳೆಲ್ಲ ಅದರೊಳಗಿಂದಲೇ ಹೋಗುತ್ತವೆ. ಅದನ್ನು ಮೆಲ್ಲಗೆ ಬಿಡಿಸಿದರು. ಒಳಗೆ ಸ್ಪೀಕರಿನ ಒಂದು ತಂತಿ ತುಂಡಾಗಿತ್ತು. ಮೇಲಿನ ಸಿಪ್ಪೆ ಹೇಗೋ ಹಿಡಿದುಕೊಂಡಿತ್ತು, ಒಳಗಿನ ತಾಮ್ರ ಹಸಿರು ತಿರುಗಿತ್ತು. ಬಾಗಿಲು ತೆರೆದಾಗ ಎರಡು ತುದಿ ಮುಟ್ಟುತ್ತವೆ, ಮುಚ್ಚಿದಾಗ ಬಿಡುತ್ತವೆ, ಹಂಪ್ ಬಂದರೆ ಎರಡೂ ಮಾಡುತ್ತವೆ.

ನನಗೆ ಒಳಗೊಳಗೇ ಖುಷಿಯಾಯಿತು. ಮಾವನವರು ಕಾರಿನ ಬಾಗಿಲನ್ನು ಟ್ರ್ಯಾಕ್ಟರ್ ಟ್ರೈಲರಿನ ಬಾಗಿಲು ಹಾಕಿದ ಹಾಗೆ ಹಾಕುತ್ತಾರೆ. "ಬಾಗಿಲು ಬಡಿದೂ ಬಡಿದೂ ಹೀಗಾಗುತ್ತೆ, ಅಲ್ವಾ ಮೇಷ್ಟ್ರೇ?" ಅಂತ ಹೆಂಡತಿಗೆ ಕೇಳಿಸುವ ಹಾಗೆ ಕೇಳಿದೆ.

"ಬಡಿಯೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ತಂತಿ ಸವೆಯುತ್ತೆ. ಮೆತ್ತಗೆ ಹಾಕಿದರೂ ಅಷ್ಟೇ."

ಮೇಷ್ಟ್ರು ಇದೊಂದು ಮಾತು ಹೇಳದೆ ಇರಬಹುದಿತ್ತು.

ಒಂದು ಗೇಣು ಹೊಸ ತಂತಿ ಸೇರಿಸಿ, ಬೆಸುಗೆ ಹಾಕಿ, ಮೇಲೊಂದು ಸ್ಲೀವ್ ಎಳೆದರು. ಖರ್ಚು ಮೂವತ್ತು ರೂಪಾಯಿ ಮತ್ತು ಮೂರು ಕಾಫಿ. ಅಷ್ಟು ಹೊತ್ತಿಗೆ ಹೆಂಡತಿ ಮತ್ತೆ ಹೊರಗೆ ಬಂದಳು. ಅರ್ಧ ಸೀರೆ ಉಟ್ಟಿದ್ದಳು, ಕೈಯಲ್ಲಿ ಮೊಬೈಲು.

"ಹಾಲ್ ಗಡಿಯಾರದಲ್ಲಿ ಎಂಟೂ ಇಪ್ಪತ್ತು. ಇದರಲ್ಲಿ ಹನ್ನೊಂದೂ ಕಾಲು. ಯಾವುದು ಸರಿ?"

ನನ್ನ ಷರ್ಟಿನ ಜೇಬಿನಲ್ಲಿ ಸೆಲ್ ಇತ್ತು. ಉತ್ತರ ಕೊಡದೆ ಹಲಗೆ ಸಿಕ್ಕಿಸತೊಡಗಿದೆ. ಕೈ ನಡುಗುತ್ತಿತ್ತು. ತಟ್ಟೆಯಲ್ಲಿ ಆರು ಸ್ಕ್ರೂ ಸಿಕ್ಕವು. ಏಳನೆಯದನ್ನು ಹುಡುಕಲು ಅವಳ ಮುಖ ಅವಕಾಶ ಕೊಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತಾಳೆಯಾಗದ ಲೆಕ್ಕಕ್ಕೆ ಮುಚ್ಚಳ ಹಾಕಿದೆ. ಅವತ್ತು ಗಣಂಗೂರಿನಲ್ಲಿ ಟೋಲ್ ಕೂಡ ಕಟ್ಟಿದೆ.

ಆದರೂ ನಮಗೆ ಸಿಕ್ಕಿದ್ದು ಕೊನೇ ಪಂಕ್ತಿ. ಪಾಯಸ ಮುಗಿದಿತ್ತು. ಹೋಳಿಗೆಯ ಬುಟ್ಟಿಯ ತಳದಲ್ಲಿದ್ದ ಮುರುಕುಗಳು ಬಂದವು. ಹೆಂಡತಿ ಬಂದ ನೆಂಟರಿಗೆಲ್ಲ ಗಡಿಯಾರದ ಕಥೆ ಹೇಳಿದಳು. ಒಬ್ಬೊಬ್ಬರಿಗೆ ಹೇಳುವಾಗಲೂ ಕಥೆ ಚೆನ್ನಾಗುತ್ತಾ ಹೋಯಿತು.

ಊಟವಾದ ಮೇಲೆ ಮಾವನವರನ್ನು ಮನೆಗೆ ಬಿಡಲು ಕಾರು ಹತ್ತಿಸಿಕೊಂಡೆ. ಧಡಾರ್ ಎಂದು ಬಾಗಿಲು ಹಾಕಿದರು. ನಾನು ರೇಡಿಯೋ ಹಾಕಿದೆ. ದನಿ ಸ್ಫಟಿಕದ ಹಾಗೆ. ಅವರು ತಲೆ ಆಡಿಸಿದರು. ಒಂದು ಹಂಪ್ ಬಂತು, ದನಿ ನಿಲ್ಲಲಿಲ್ಲ. ಇನ್ನೊಂದು ಬಂತು. ಮಾವನವರು ಎಡಗಿವಿಯನ್ನು ಬಾಗಿಲಿಗೆ ಆನಿಸಿದರು.

"ನೆಗಡಿ ವಾಸಿಯಾಗದೆ ಅಳಿಯಂದ್ರೇ. ಈಗ ಒಳಗ್ಯಾರೋ ಗೆಜ್ಜೆ ಕಟ್ಕಂಡವ್ರೆ."

ಹಿಂದಿನ ಸೀಟಿನಲ್ಲಿ ಹೆಂಡತಿ ಮುಂದಕ್ಕೆ ಬಗ್ಗಿದಳು. ನಾನು ವಾಲ್ಯೂಮ್ ಜಾಸ್ತಿ ಮಾಡಿದೆ.