ಹದಿನೇಳರಲ್ಲಿ ಮೂರೇ ಗೆಲುವು, ಆದರೂ ನಾನು ಮರೆಯದ ಸೀಸನ್

ಜನವರಿ ಬಂತೆಂದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕೋಚ್‌ಗಳ ತಲೆ ಉರುಳುವ ಕಾಲ. ಭಾನುವಾರ ಲೀಗ್ ಪಂದ್ಯಗಳು ಮುಗಿಯುತ್ತವೆ. ಸೋಮವಾರ ನಾವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಯಾರಾದರೂ ಕೆಲಸ ಕಳಕೊಂಡಿರುತ್ತಾರೆ. ಬಂದು ಒಂದೇ ವರ್ಷ ಆದವರನ್ನೂ ಬಿಡುವುದಿಲ್ಲ. ಆ ಸುದ್ದಿ ಓದಿದಾಗೆಲ್ಲ ನನಗೆ 2021ರ ಡೆಟ್ರಾಯ್ಟ್ ಲಯನ್ಸ್ ನೆನಪಾಗುತ್ತದೆ.

ನಾನಿರುವುದು ಡೆಟ್ರಾಯ್ಟ್ ಪಕ್ಕದ ಊರಲ್ಲಿ. ಇಲ್ಲಿರುವ ಬಹಳ ಕನ್ನಡಿಗರ ಹಾಗೆ ಕಾರಿನ ಕೆಲಸಕ್ಕೆ ಬಂದವನು. ಈ ಆಟದ ತಲೆಬುಡ ಗೊತ್ತಿರಲಿಲ್ಲ. ಕಲಿಸಿದ್ದು ಪಕ್ಕದ ಮನೆಯ ಯಜಮಾನರು, ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. "ಹತ್ತು ಗಜ ಮುಂದೆ ಹೋಗಬೇಕು. ನಾಲ್ಕು ಅವಕಾಶ. ಮೂರರಲ್ಲಿ ಆಗಲಿಲ್ಲ ಅಂದರೆ ನಾಲ್ಕನೆಯದರಲ್ಲಿ ಚೆಂಡು ಒದ್ದುಬಿಡು. ಇಷ್ಟೇ ಆಟ" ಅಂದಿದ್ದರು. ಆಮೇಲೆ ಒಂದು ಬುದ್ಧಿಮಾತು: "ಲಯನ್ಸ್ ಮೇಲೆ ಮಾತ್ರ ಮನಸ್ಸಿಡಬೇಡ."

ಅವರ ಮಾತು ಸುಳ್ಳಲ್ಲ. ಈ ತಂಡ ಕಡೆಯದಾಗಿ ಚಾಂಪಿಯನ್ ಆಗಿದ್ದು 1957ರಲ್ಲಿ. ಆಮೇಲೆ ಪ್ಲೇಆಫ್‌ನಲ್ಲಿ 2021ರವರೆಗೆ ಗೆದ್ದಿದ್ದು ಒಂದೇ ಒಂದು ಪಂದ್ಯ, ಅದೂ 1992ರ ಜನವರಿಯಲ್ಲಿ. 2008ರಲ್ಲಿ ಹದಿನಾರಕ್ಕೆ ಹದಿನಾರೂ ಸೋತಿದ್ದರು. "ಈ ಸಲ ಕಪ್ ನಮ್ದೆ" ಅಂತ ಹದಿನೆಂಟು ವರ್ಷ ಕಾದ ನಮಗೇ ಅಯ್ಯೋ ಪಾಪ ಅನ್ನಿಸುವಂಥ ಕಥೆ.

ಅಂಥ ತಂಡಕ್ಕೆ 2021ರ ಜನವರಿಯಲ್ಲಿ ಕೋಚ್ ಆಗಿ ಬಂದದ್ದು ಡ್ಯಾನ್ ಕ್ಯಾಂಪ್‌ಬೆಲ್. ಹದಿನಾರೂ ಸೋತ ಆ ತಂಡದಲ್ಲಿ ಆಟಗಾರನಾಗಿ ಇದ್ದವರೇ! ಮೊದಲ ಪತ್ರಿಕಾಗೋಷ್ಠಿಯಲ್ಲೇ, ನಮ್ಮನ್ನು ಕೆಡವಿದರೆ ಏಳುವಾಗ ಎದುರಾಳಿಯ ಮಂಡಿಚಿಪ್ಪು ಕಚ್ಚಿಕೊಂಡೇ ಏಳುತ್ತೇವೆ ಅಂದರು. ದೇಶವೆಲ್ಲ ನಕ್ಕಿತು. ನಾನೂ ನಕ್ಕೆ. ಬಾಯಿ ಜೋರು, ಕೆಲಸ ಕಮ್ಮಿ ಇರುತ್ತೆ ಅಂದುಕೊಂಡೆ. ಅದೇ ವರ್ಷ ತಂಡದ ದೊಡ್ಡ ಹೆಸರು ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಕೊಟ್ಟು, ಅವರಿಗೆ ಬೇಡವಾಗಿದ್ದ ಜ್ಯಾರೆಡ್ ಗಾಫ್‌ನನ್ನೂ ಮುಂದಿನ ಡ್ರಾಫ್ಟ್‌ಗಳ ಆಯ್ಕೆಗಳನ್ನೂ (ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಆರಿಸುವ ಸರದಿಗಳು) ತಗೊಂಡಿದ್ದರು.

ಸೋಲು ಶುರುವಾಯಿತು. ಆದರೆ ಎಂಥ ಸೋಲುಗಳು ಅಂತೀರಿ! ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್‌ನ ಜಸ್ಟಿನ್ ಟಕರ್ ಕೊನೇ ಕ್ಷಣದಲ್ಲಿ 66 ಗಜದಿಂದ ಒದ್ದ. ಚೆಂಡು ಅಡ್ಡ ಕಂಬಿಗೆ ಬಡಿದು, ಪುಟಿದು, ಆಚೆ ಬಿತ್ತು. 19-17. ಆಗ ಅದು ಲೀಗಿನ ಇತಿಹಾಸದಲ್ಲೇ ಅತಿ ಉದ್ದದ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಮೂರು ಅಂಕ ತಗೊಳ್ಳುವುದು). ಎರಡು ವಾರ ಬಿಟ್ಟು ಮಿನೆಸೋಟಾ ಎದುರು ಮತ್ತೆ ಕೊನೇ ಒದೆತ, ಮತ್ತೆ 19-17. ಆ ದಿನ ಕ್ಯಾಂಪ್‌ಬೆಲ್ ಪತ್ರಕರ್ತರ ಮುಂದೆ ಕಣ್ಣೀರು ಹಾಕಿದರು. ಥ್ಯಾಂಕ್ಸ್‌ಗಿವಿಂಗ್ ದಿನ ಶಿಕಾಗೊ ಎದುರು 16-14, ಅದೂ ಹಾಗೇ. ಹಬ್ಬದ ಟರ್ಕಿ ಕೋಳಿ ಮುಂದೆ ಕೂತ ಯಜಮಾನರಿಗೆ ಊಟ ಇಳಿಯಲಿಲ್ಲ. ನಾನು ಅನ್ನ ತಿಳಿಸಾರು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿದ್ದರಿಂದ ಬಚಾವಾದೆ.

ಎಲ್ಲವನ್ನೂ ಹಣೆಬರಹದ ಮೇಲೆ ಹಾಕಿ ಕೋಚನ್ನು ಬಚಾವು ಮಾಡುವುದೂ ಸರಿಯಲ್ಲ. ಫಿಲಡೆಲ್ಫಿಯಾ ಬಂದು ನಮ್ಮ ಮೈದಾನದಲ್ಲೇ 44-6ಕ್ಕೆ ಬಾರಿಸಿ ಹೋಯಿತು. ಅದಾದ ಮೇಲೆ ಯಾವ ಆಟ ಯಾವಾಗ ಆಡಬೇಕು ಎಂದು ಹೇಳುವ ಕೆಲಸವನ್ನು ಕ್ಯಾಂಪ್‌ಬೆಲ್ ಸಹಾಯಕನ ಕೈಯಿಂದ ತಾವೇ ತಗೊಂಡರು. ಮುಂದಿನ ಪಂದ್ಯ ಪಿಟ್ಸ್‌ಬರ್ಗ್ ಜೊತೆ 16-16 ಡ್ರಾ. ಅಷ್ಟಕ್ಕೇ ನಾವು ಖುಷಿಪಟ್ಟೆವು.

ಡಿಸೆಂಬರ್ 5. ಅಲ್ಲಿಯವರೆಗೆ ಹತ್ತು ಸೋಲು, ಒಂದು ಡ್ರಾ. ಐದು ದಿನ ಹಿಂದಷ್ಟೇ ಡೆಟ್ರಾಯ್ಟ್‌ನ ಉತ್ತರಕ್ಕಿರುವ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ಗುಂಡಿನ ದಾಳಿಗೆ ನಾಲ್ಕು ಮಕ್ಕಳು ಬಲಿಯಾಗಿದ್ದರು. ನನ್ನ ಮಗಳನ್ನು ಶಾಲೆಗೆ ಬಿಟ್ಟು ಬಂದು ಕಾರಿನಲ್ಲೇ ಸುಮ್ನೆ ಕೂತಿದ್ದ ವಾರ ಅದು. ಎದುರು ಮತ್ತೆ ಮಿನೆಸೋಟಾ. ಎರಡು ಅಂಕ ಮುಂದಿದ್ದಾಗ ತಮ್ಮದೇ ಅರ್ಧದಲ್ಲಿ, ನಾಲ್ಕನೇ ಅವಕಾಶದಲ್ಲಿ, ಒದೆಯದೆ ನುಗ್ಗಲು ಹೋಗಿ ಚೆಂಡು ಕಳಕೊಂಡರು. ಮುಗೀತು ಅಂದೆ. 27-23ಕ್ಕೆ ಹಿಂದೆ ಬಿದ್ದರು. ಉಳಿದದ್ದು ಎರಡು ನಿಮಿಷಕ್ಕಿಂತ ಕಮ್ಮಿ. ಗಾಫ್ ಮೆಲ್ಲಗೆ ಮುಂದೆ ತಂದ. ಕೊನೇ ನಾಲ್ಕು ಸೆಕೆಂಡ್. ಹೊಸ ಹುಡುಗ ಅಮನ್-ರಾ ಸೇಂಟ್ ಬ್ರೌನ್‌ಗೆ ಎಸೆದ. ಹಿಡಿದ! 29-27. ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸಿದರೆ ಆರು ಅಂಕ, ಅದೇ ಟಚ್‌ಡೌನ್; ಲೀಗಿನಲ್ಲಿ ಆ ಹುಡುಗನ ಮೊದಲ ಟಚ್‌ಡೌನ್. ಆ ಪಂದ್ಯದ ಚೆಂಡು ಆಕ್ಸ್‌ಫರ್ಡ್ ಊರಿಗೆ ಅಂತ ಕ್ಯಾಂಪ್‌ಬೆಲ್ ಹೇಳಿದರು, ಸತ್ತ ಮಕ್ಕಳ ಹೆಸರು ಹೇಳಿ.

ಆಮೇಲೆ ಬಲಾಢ್ಯ ಅರಿಜೋನಾವನ್ನು 30-12ಕ್ಕೆ ಹೊಡೆದರು. ಕೊನೆಗೆ ಗ್ರೀನ್ ಬೇ ಮೇಲೂ ಗೆದ್ದರು, ಅವರು ತಮ್ಮ ದೊಡ್ಡ ಆಟಗಾರರನ್ನು ಅರ್ಧ ಪಂದ್ಯಕ್ಕೇ ಹೊರಗೆ ಕೂರಿಸಿದ್ದರು ಅನ್ನಿ. ಒಟ್ಟು ಮೂರು ಗೆಲುವು, ಹದಿಮೂರು ಸೋಲು, ಒಂದು ಡ್ರಾ.

ಈಗ ನನ್ನ ವಾದ ಕೇಳಿ. ಅದೇ ವರ್ಷ ಹ್ಯೂಸ್ಟನ್‌ಗೆ ಹೊಸ ಕೋಚ್ ಆಗಿ ಬಂದ ಡೇವಿಡ್ ಕಲ್ಲಿ ನಾಲ್ಕು ಗೆದ್ದರು. ಅಂದರೆ ನಮ್ಮವರಿಗಿಂತ ಒಂದು ಜಾಸ್ತಿ. ಅವರನ್ನು ಜನವರಿಯಲ್ಲೇ ಕಳಿಸಿದರು. ಕಾಲೇಜು ಫುಟ್‌ಬಾಲ್‌ನ ದೊಡ್ಡ ಹೆಸರು ಅರ್ಬನ್ ಮೇಯರ್ ಜ್ಯಾಕ್ಸನ್‌ವಿಲ್‌ನಲ್ಲಿ ಹದಿಮೂರೇ ಪಂದ್ಯಕ್ಕೆ ಮನೆಗೆ ಹೋದರು. ಮೇಯರ್ ಹೋಗಬೇಕಿತ್ತು, ಬಿಡಿ. ಆದರೆ ಬರೀ ಲೆಕ್ಕ ನೋಡಿದ್ದರೆ ಕ್ಯಾಂಪ್‌ಬೆಲ್ ಕೂಡ ಹೋಗಬೇಕಿತ್ತಲ್ವಾ? ಮೊದಲ ವರ್ಷದ ಕೋಚನ್ನು ಅಳೆಯಲು ನಾನು ಒಂದನ್ನೇ ನೋಡುತ್ತೇನೆ: ಪ್ಲೇಆಫ್ ಆಸೆ ಸತ್ತ ಮೇಲೂ ಡಿಸೆಂಬರ್‌ನಲ್ಲಿ ಹುಡುಗರು ಬಿದ್ದ ಚೆಂಡಿಗೆ ಹಾರುತ್ತಿದ್ದಾರಾ? ಹಿಂದಿನ ಕೋಚ್ ಕಾಲದಲ್ಲಿ ಹಾರುತ್ತಿರಲಿಲ್ಲ. 2021ರಲ್ಲಿ ಹಾರುತ್ತಿದ್ದರು. ಕೋಚ್ ಜೊತೆ ಆರು ವರ್ಷದ ಒಪ್ಪಂದ ಮಾಡಿಕೊಂಡಿದ್ದ ಮಾಲೀಕರು ಎರಡನೇ ವರ್ಷ ಏಳರಲ್ಲಿ ಆರು ಸೋತಾಗಲೂ ಅಲುಗಾಡಲಿಲ್ಲ. ಆ ವರ್ಷ ಒಂಬತ್ತು ಗೆಲುವು, ಎಂಟು ಸೋಲಿಗೆ ಮುಗಿಯಿತು. ಮುಂದಿನ ವರ್ಷ ಹನ್ನೆರಡು ಗೆಲುವು.

2024ರ ಜನವರಿಯಲ್ಲಿ ಸ್ಟ್ಯಾಫರ್ಡ್ ಎದುರೇ 24-23. ಮೂವತ್ತೆರಡು ವರ್ಷದ ಮೇಲೆ ಪ್ಲೇಆಫ್ ಗೆಲುವು. ಯಜಮಾನರು ಹಳೇ ಜಾಕೆಟ್ ಹಾಕಿಕೊಂಡು ಹಿಮದಲ್ಲೇ ನಮ್ಮ ಮನೆ ಬಾಗಿಲಿಗೆ ಬಂದು ನಿಂತಿದ್ದರು. ಏನೂ ಮಾತಾಡಲಿಲ್ಲ.

ಅದೇ ತಿಂಗಳು ಸ್ಯಾನ್ ಫ್ರಾನ್ಸಿಸ್ಕೊ ಎದುರು ಅರ್ಧಕ್ಕೆ 24-7 ಮುಂದಿದ್ದು 34-31ಕ್ಕೆ ಸೋತರು. ಎರಡು ಸಲ ನಾಲ್ಕನೇ ಅವಕಾಶದಲ್ಲಿ ಒದೆಯದೆ ನುಗ್ಗಿ ಕೆಟ್ಟರು. ಆ ವಿಷಯಕ್ಕೆ ನಮ್ಮಿಬ್ಬರಿಗೂ ಇವತ್ತಿಗೂ ಜಗಳ. ಮೂರು ಅಂಕ ತಗೊಂಡಿದ್ದರೆ ಆಗುತ್ತಿತ್ತು ಅಂತ ನಾನು. ಒದೆಯುವ ಕೋಚ್ ಬೇಕಿದ್ದರೆ ಬೇರೆ ಊರಿನ ತಂಡ ನೋಡಿಕೋ ಅಂತ ಅವರು.